ಬಾಗಿಲ ಪಕ್ಕದ ಸ್ಟೂಲು

ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮುದ್ದೆ ಇರುತ್ತಿತ್ತು, ಸೊಪ್ಪಿನ ಸಾರು ಇರುತ್ತಿತ್ತು, ಜೊತೆಗೆ ಜಯನಗರದವರ ಮನೆ ಸುದ್ದಿ ಇರುತ್ತಿತ್ತು. ಸುದ್ದಿ ತರುವವನು ಅಪ್ಪ. ಜಯನಗರದ ಕಾಂಪ್ಲೆಕ್ಸಿನ ಹಿಂದಿದ್ದ ಒಂದು ಪಾತ್ರೆ ಅಂಗಡಿಯಲ್ಲಿ ಅವನಿಗೆ ಕೆಲಸ. ಜನ ಕೊಂಡ ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಹಾಕುವುದು. ಮದುವೆಗೋ ಗೃಹಪ್ರವೇಶಕ್ಕೋ ಕೊಡುವ ಚೊಂಬು, ತಟ್ಟೆ, ಡಬ್ಬಗಳ ಮೇಲೆ ಕೊಟ್ಟವರ ಹೆಸರಿಲ್ಲದಿದ್ದರೆ ಅದು ಕೊಟ್ಟ ಹಾಗೇ ಅಲ್ಲ ಎಂದು ಜನ ತಿಳಿದಿದ್ದ ಕಾಲ. ಪೆನ್ನಿನಂಥ ಕರೆಂಟಿನ ಮೆಷಿನ್ನೊಂದನ್ನು ಹಿಡಿದು, ಪಾತ್ರೆಯನ್ನು ತೊಡೆಯ ಮೇಲೆ ಒರಗಿಸಿಕೊಂಡು, ಝರ್ರ್ ಎಂದು ಸದ್ದು ಮಾಡುತ್ತ ಅಪ್ಪ ಬರೆಯುತ್ತಿದ್ದ. ಅಂಗಡಿಯ ಬಾಗಿಲ ಪಕ್ಕದಲ್ಲೇ ಅವನ ಸ್ಟೂಲು. ಒಳಗೆ ಬರುವವರೂ ಹೊರಗೆ ಹೋಗುವವರೂ ಅವನನ್ನು ದಾಟಿಕೊಂಡೇ ಹೋಗಬೇಕು. ಕೆಂಪಣ್ಣ ಅಂದರೆ ಆ ರಸ್ತೆಯಲ್ಲಿ ಯಾರಿಗೂ ತಿಳಿಯದು, ಹೆಸರು ಹಾಕೋ ಕೆಂಪಣ್ಣ ಅಂದರೆ ಹೂವಿನವಳಿಗೂ ಗೊತ್ತು.

ಕೇಳದೆ ಅಪ್ಪ ಒಂದಕ್ಷರವನ್ನೂ ಬರೆಯುತ್ತಿರಲಿಲ್ಲ. ಯಾರಿಗೆ ಸಾರ್ ಇದು, ಹುಡುಗಿ ನಿಮಗೆ ಏನಾಗಬೇಕು, ಹುಡುಗ ಯಾವ ಊರು, ಮಗುವಿಗೆ ಏನು ಹೆಸರಿಟ್ಟಿರಿ. ಇಷ್ಟು ಕೇಳಿದ ಮೇಲೆಯೇ ಮೆಷಿನ್ನು ಸದ್ದು ಮಾಡುತ್ತಿದ್ದದ್ದು. ಮದುವೆಯದಾದರೆ ಅಂಚಿಗೊಂದು ಹೂವಿನ ಬಳ್ಳಿ ಎಳೆದು ಶುಭವಿವಾಹ ಎಂದು ಸೇರಿಸುವನು. ನಾಮಕರಣದ್ದಾದರೆ ಒಂದು ಪುಟ್ಟ ತೊಟ್ಟಿಲು. ವೈಕುಂಠ ಸಮಾರಾಧನೆಗೆ ಹಂಚುವ ಚೊಂಬಾದರೆ ಬಳ್ಳಿಯಿಲ್ಲ, ಹೂವಿಲ್ಲ, ಜ್ಞಾಪಕಾರ್ಥ ಎಂದಷ್ಟೇ ಬರೆದು, ಬಂದವರಿಗೆ ಒಂದು ಲೋಟ ನೀರು ಕೊಡುವನು. ಯಾರೂ ಅವನಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ. ಮುಖ ನೋಡಿದರೆ ಕೈಗೆ ತಾನೇ ಗೊತ್ತಾಗುತ್ತದೆ ಅನ್ನುತ್ತಿದ್ದ. ಸಂಬಳ ಹೇಳಿಕೊಳ್ಳುವಂಥದ್ದಲ್ಲ, ಬಡ್ತಿ ಎಂಬುದು ಆ ಅಂಗಡಿಯಲ್ಲಿ ಯಾರಿಗೂ ಇಲ್ಲ. ಆದರೂ ಜ್ವರ ಬಂದ ದಿನವೂ ಮಫ್ಲರ್ ಸುತ್ತಿಕೊಂಡು ಹೊರಡುತ್ತಿದ್ದ. ಎರಡನೇ ಮಗಳ ಮದುವೆಯವರು ಇವತ್ತು ಬರುತ್ತಾರೆ, ನಾನಿಲ್ಲದಿದ್ದರೆ ಹೇಗೆ ಅನ್ನುವನು. ಯಾರ ಎರಡನೇ ಮಗಳೋ, ಅಪ್ಪನಿಗೇ ಗೊತ್ತು.

ಮನೆಯಿದ್ದದ್ದು ಸಾರಕ್ಕಿಯ ಹಳೇ ಊರಿನ ಓಣಿಯಲ್ಲಿ. ಒಂದು ನಡುಮನೆ, ಅದರ ಹಿಂದೆ ಅಡುಗೆಮನೆ, ಅದರ ಮೂಲೆಯಲ್ಲೇ ಬಚ್ಚಲು. ಓಣಿಯ ತುದಿಯಲ್ಲಿ ಮಾರ್ಕೆಟ್ಟು, ಹಾಗಾಗಿ ಬೆಳಗಾದರೆ ಕೊತ್ತಂಬರಿ ಸೊಪ್ಪಿನ ವಾಸನೆ, ಸಂಜೆಯಾದರೆ ಕೊಳೆತ ಕೋಸಿನ ವಾಸನೆ. ಊಟ ಅಡುಗೆಮನೆಯ ನೆಲದ ಮೇಲೆ. ಅಮ್ಮ ಒಲೆಯ ಕಡೆ ಮುಖ ಮಾಡಿ, ನಾನು ಗೋಡೆಗೆ ಒರಗಿ, ಅಪ್ಪ ಬಾಗಿಲಿಗೆ ಬೆನ್ನು ಕೊಟ್ಟು. ಅವನು ಕಥೆ ಶುರು ಮಾಡಿದರೆ ತಟ್ಟೆಯಲ್ಲಿ ಮುದ್ದೆ ಆರಿ ಗಟ್ಟಿಯಾಗುತ್ತಿತ್ತು. ಅಮ್ಮ ಗೌರಮ್ಮನ ಬಾಯಿ ಓಣಿಗೇ ಹೆಸರುವಾಸಿ. ಅವಳು ಸುಮ್ಮನೆ ಕೇಳುವವಳಲ್ಲ.

"ಊರವರ ಮನೆ ರಾಮಾಯಣ ಎಲ್ಲ ನಮ್ಮನೆ ಅಡುಗೆಮನೆಗ್ ಯಾಕ್ರೀ ತರ್ತೀರಾ? ಅವರ ಮನೆ ನಾಯಿ ಮರಿ ಹಾಕಿದ್ದೂ ಗೊತ್ತು ನಿಮಗೆ. ನಿಮ್ ಮಗಳು ಯಾವ್ ಕ್ಲಾಸು, ಹೇಳಿ ನೋಡಣ."

"ಆರನೇ ಕ್ಲಾಸು."

"ಏಳು! ಏಳು ಕಣ್ರೀ! ಅಯ್ಯೋ ನನ್ ಕರ್ಮವೇ."

ಅಪ್ಪ ನಗುತ್ತಿದ್ದ. ನನಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಯಾರದೋ ಮಕ್ಕಳ ಹುಟ್ಟಿದ ನಕ್ಷತ್ರವೂ ನೆನಪಿರುವ ಮನುಷ್ಯನಿಗೆ ನನ್ನ ಕ್ಲಾಸು ನೆನಪಿಲ್ಲವಲ್ಲ ಎಂದು ಮೂಗು ಸೊರಸೊರ ಮಾಡುತ್ತ ಮುದ್ದೆ ನುಂಗುತ್ತಿದ್ದೆ. ಆದರೆ ಅಮ್ಮನ ಬೈಗುಳ ಬರೀ ತೋರಿಕೆ. ಅಪ್ಪ ಒಂದು ದಿನ ಸುಮ್ಮನೆ ಉಂಡರೆ ಅವಳೇ ಸಾರು ಬಡಿಸುತ್ತ, ಆ ಎರಡನೇ ಮಗಳ ಮದುವೆ ಏನಾಯ್ತು ಎಂದು ಎಳೆ ಎಳೆಯಾಗಿ ಕೇಳುವಳು. ಮಗಳು ಅತ್ತೆ ಮನೆಯಿಂದ ಜಗಳವಾಡಿಕೊಂಡು ಬಂದಳೆಂದರೆ ಇವಳು ಇಲ್ಲಿ ಸೌಟು ಎತ್ತಿ ಆ ಅತ್ತೆಗೆ ಶಾಪ ಹಾಕುವಳು. ಮುಖ ಕಾಣದವರಿಗಾಗಿ ನಾವು ಮೂವರೂ ಎಷ್ಟು ಮರುಗಿದ್ದೇವೆ!

ಈ ಎಲ್ಲ ಗಿರಾಕಿಗಳಿಗೂ ಮಿಗಿಲಾದ ಗಿರಾಕಿ ವಿಮಲಾ ಮೇಡಂ. ಜಯನಗರದಲ್ಲೇ ಸ್ವಂತ ಮನೆ, ಗಂಡ ದೊಡ್ಡ ಹುದ್ದೆಯಲ್ಲಿದ್ದವರು. ಮಗಳು ಅನು ಹುಟ್ಟಿದಾಗ ತೊಟ್ಟಿಲ ಶಾಸ್ತ್ರಕ್ಕೆ ಹಂಚಿದ ಬಟ್ಟಲುಗಳಿಗೆ ಹೆಸರು ಹಾಕಿದ್ದು ಅಪ್ಪ. ಆ ಹುಡುಗಿ ಚಿಕ್ಕವಳಿದ್ದಾಗ ಅಂಗಡಿಗೆ ಬಂದರೆ ನೇರ ಅಪ್ಪನ ಸ್ಟೂಲಿನ ಹತ್ತಿರ ಓಡುವಳಂತೆ, ಮೆಷಿನ್ನಿನ ಸದ್ದು ಕೇಳಿ ಕಿಲಕಿಲ ನಗುವಳಂತೆ. ಅಪ್ಪ ಅವಳನ್ನು ಪುಟ್ಟಿ ಎಂದೇ ಕರೆಯುತ್ತಿದ್ದ. ಕಾಲೇಜು ಮುಗಿಸಿದ ಮೇಲೂ ಪುಟ್ಟಿಯೇ. ಮೇಡಂ ಬಂದರೆ ಪಾತ್ರೆ ಆರಿಸುವುದು ಹತ್ತು ನಿಮಿಷ, ಅಪ್ಪನ ಸ್ಟೂಲಿನ ಪಕ್ಕ ನಿಂತು ಮಾತಾಡುವುದು ಮುಕ್ಕಾಲು ಗಂಟೆ. ಗಂಡನ ಸಕ್ಕರೆ ಕಾಯಿಲೆ, ನಾದಿನಿಯ ಆಸ್ತಿ ತಕರಾರು, ಅನುವಿಗೆ ಗಂಡು ನೋಡುತ್ತಿರುವ ವಿಷಯ. ಆಯುಧಪೂಜೆಯ ದಿನ ಅಪ್ಪ ನನ್ನನ್ನೂ ಅಮ್ಮನನ್ನೂ ಅಂಗಡಿಗೆ ಕರೆದೊಯ್ಯುತ್ತಿದ್ದ. ಮೆಷಿನ್ನಿಗೆ ಅರಿಶಿನ ಕುಂಕುಮ ಹಚ್ಚಿ, ಮಲ್ಲಿಗೆ ಸುತ್ತಿ, ಪುರಿ ಹಂಚುವ ಹೊತ್ತಿಗೆ ಸರಿಯಾಗಿ ಮೇಡಂ ಸ್ವೀಟಿನ ಡಬ್ಬಿ ಹಿಡಿದು ಬರುವರು.

"ಕೆಂಪಣ್ಣ ನಮ್ಮನೆಯವ್ರೇ ಅಲ್ವಾ ಗೌರಮ್ಮ? ನನ್ ತಮ್ಮಂಗೂ ಇಷ್ಟೆಲ್ಲ ಹೇಳಲ್ಲ ನಾನು."

ಅಮ್ಮ ಆ ಮಾತನ್ನು ಓಣಿಯಲ್ಲಿ ಒಂದು ತಿಂಗಳು ಓಡಾಡಿಸಿದಳು.

ಒಂದು ಸಂಜೆ ಅಪ್ಪ ಬಂದವನು ಚಪ್ಪಲಿ ಬಿಟ್ಟು ಒಳಗೆ ಬಾರದೆ ಹೊಸ್ತಿಲಲ್ಲೇ ಕೂತ. ಸ್ಟೂಲನ್ನು ಮೇಲೆ ಹಾಕಿದ್ದರು. ಮೇಲೆ ಎಂದರೆ ಅಂಗಡಿಯ ಅಟ್ಟ, ದಾಸ್ತಾನಿನ ಗೂಡು, ಮರದ ಏಣಿ ಹತ್ತಿ ಬಗ್ಗಿಕೊಂಡು ಹೋಗಬೇಕು. ಕೆಳಗಿನಿಂದ ಪಾತ್ರೆಯೂ ಹೆಸರು ಬರೆದ ಚೀಟಿಯೂ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಮೇಲೆ ಬರುತ್ತವೆ, ಬರೆದು ಇಳಿಸಬೇಕು, ಅಷ್ಟೇ. ಗಿರಾಕಿಗಳಿಂದ ಕಂಪ್ಲೇಂಟು ಬಂದಿದೆ, ಬಾಗಿಲಲ್ಲಿ ಗದ್ದಲ ಜಾಸ್ತಿ ಎಂದರಂತೆ ಯಜಮಾನರು. ಯಾವ ಗಿರಾಕಿ ಎಂದು ಅಪ್ಪ ಕೇಳಿದ್ದಕ್ಕೆ ಗಲ್ಲಾದ ಕಾಸು ಎಣಿಸತೊಡಗಿದರಂತೆ.

"ಯಾವನೋ ಹೊಸಬ ಬಂದಿರ್ಬೇಕು" ಎಂದ ಅಪ್ಪ. "ನಮ್ ಜನಕ್ಕೆ ಗೊತ್ತಾಗ್ಲಿ ತಡಿ, ಸುಮ್ನೆ ಬಿಡ್ತಾರಾ? ವಿಮಲಾ ಮೇಡಂ ಒಬ್ರು ಬಂದ್ರೆ ಸಾಕು, ಯಜಮಾನ್ರೇ ಸ್ಟೂಲ್ ಎತ್ಕೊಂಡ್ ಬಂದು ಕೆಳಗಿಡ್ತಾರೆ."

ಕಾದ. ನಾವೂ ಕಾದೆವು. ಎರಡನೇ ಮಗಳವರು ಬಂದಿರಬೇಕು, ಗೃಹಪ್ರವೇಶದವರು ಬಂದಿರಬೇಕು, ಅವರವರ ಚೀಟಿಗಳು ಬುಟ್ಟಿಯಲ್ಲಿ ಮೇಲೆ ಬಂದವು. ಅಪ್ಪ ಅಟ್ಟದ ಅಂಚಿಗೆ ಬಂದು ಇಣುಕಿದರೆ ನೆತ್ತಿಗಳಷ್ಟೇ ಕಾಣುತ್ತಿದ್ದವಂತೆ. ಕೆಂಪಣ್ಣ ಎಲ್ಲಿ ಎಂದು ಯಾವ ನೆತ್ತಿಯೂ ಮೇಲಕ್ಕೆ ತಿರುಗಲಿಲ್ಲ. ಹೆಸರು ಬೇಕಿತ್ತು, ಬರೆದು ಬರುತ್ತಿತ್ತು, ಅವರ ಕೆಲಸ ಆಗುತ್ತಿತ್ತು. ಇದನ್ನು ಅಪ್ಪ ಒಂದೇ ಸಲ ಹೇಳಿದ, ಮತ್ತೆ ಹೇಳಲಿಲ್ಲ. ಅಡುಗೆಮನೆಯಲ್ಲಿ ಮುದ್ದೆ ಬಿಸಿಯಾಗಿರುವಾಗಲೇ ಮುಗಿಯತೊಡಗಿತು. ಅಮ್ಮ ಕೆಣಕಿದಳು, ಹಳೇ ಸುದ್ದಿ ತೆಗೆದಳು, ಬೇಕೆಂದೇ ಸಾರಿಗೆ ಉಪ್ಪು ಜಾಸ್ತಿ ಹಾಕಿದಳು. ಅಪ್ಪ ಅದನ್ನೇ ಉಂಡು ಎದ್ದ. ಜ್ವರದಲ್ಲೂ ಹೋಗುತ್ತಿದ್ದವನು ತಲೆನೋವೆಂದು ರಜೆ ಹಾಕತೊಡಗಿದ. ಬೆಳಿಗ್ಗೆ ಎದ್ದರೂ ಗೋಡೆಗೆ ಒರಗಿ ಕೂತೇ ಇರುವನು, ಅಮ್ಮ ಶರಟು ತಂದು ತೊಡೆಯ ಮೇಲೆ ಹಾಕುವವರೆಗೆ.

ಆಮೇಲೆ ಆ ಚೊಂಬುಗಳ ಅವಾಂತರವಾಯಿತು. ಬುಟ್ಟಿಯಲ್ಲಿ ಒಂದು ರಾಶಿ ಚೊಂಬೂ, ಗಂಡ ಹೆಂಡತಿ ಇಬ್ಬರ ಹೆಸರಿದ್ದ ಚೀಟಿಯೂ ಬಂದವು. ಚೀಟಿಯಲ್ಲಿ ಬೇರೇನೂ ಇರಲಿಲ್ಲ. ಅಪ್ಪ ಜೋಡಿ ಹೆಸರು ನೋಡಿ, ಅಭ್ಯಾಸಬಲದಿಂದ ಪ್ರತಿ ಚೊಂಬಿಗೂ ಹೂವಿನ ಬಳ್ಳಿ ಎಳೆದು, ಶುಭವಿವಾಹ ಎಂದು ಬರೆದು ಇಳಿಸಿದ. ಕೆಳಗೆ ನಿಂತಿದ್ದವನು ತಲೆ ಬೋಳಿಸಿಕೊಂಡಿದ್ದ ಮಗ. ತನ್ನ ತಂದೆ ತಾಯಿ ಇಬ್ಬರನ್ನೂ ಒಂದೇ ಅಪಘಾತದಲ್ಲಿ ಕಳೆದುಕೊಂಡು, ಮಾರನೇ ದಿನದ ಸಮಾರಾಧನೆಗೆ ಹಂಚುವ ಚೊಂಬಿಗೆ ಬಂದವನು. ಆ ಹುಡುಗ ಅಂಗಡಿಯ ನಡುವೆ ಚೊಂಬು ಹಿಡಿದು ಅತ್ತನಂತೆ. ಯಜಮಾನರು ಬಾಯಿಗೆ ಬಂದಂತೆ ಬೈದು, ಆ ಚೊಂಬುಗಳನ್ನೆಲ್ಲ ಅಪ್ಪನ ತಲೆಗೇ ಕಟ್ಟಿದರು. ಗೋಣಿಚೀಲದಲ್ಲಿ ಅವು ನಮ್ಮ ಮನೆಗೆ ಬಂದಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಸತ್ತೋರ ಚೊಂಬು, ಅದ್ರ ಮೇಲೆ ಶುಭವಿವಾಹ! ಒಳಗ್ ತರ್ಬೇಡಿ, ದಮ್ಮಯ್ಯ. ಕೆಳಗ್ ಕೂತಿದ್ರೆ ಆ ಹುಡುಗನ ಮುಖ ನೋಡ್ತಿದ್ರಿ, ಹಿಂಗಾಗ್ತಿತ್ತಾ?"

"ಬರೆಯೋದಷ್ಟೇ ನನ್ ಕೆಲಸ ಈಗ" ಎಂದ ಅಪ್ಪ. "ಯಾರು ಹುಟ್ಟಿದ್ರೇನು, ಯಾರು ಸತ್ರೇನು."

ಅಮ್ಮ ಬೆದರಿದ್ದು ಚೊಂಬಿಗಲ್ಲ, ಈ ಮಾತಿಗೆ. ಹಿಂದಿನ ಅಪ್ಪನಾಗಿದ್ದರೆ ಅಂದೇ ಆ ಹುಡುಗನ ಮನೆ ಹುಡುಕಿಕೊಂಡು ಹೋಗಿ ಕೈ ಮುಗಿದು ಬರುತ್ತಿದ್ದ. ಇನ್ನೊಂದು ತಪ್ಪಾದರೆ ಕೆಲಸದಿಂದ ತೆಗೆಯುತ್ತೇನೆ ಎಂದು ಯಜಮಾನರು ಹೇಳಿದ್ದರು, ಅದಕ್ಕೂ ಇವನಿಗೆ ಚಿಂತೆಯಿಲ್ಲ. ಹೀಗೇ ಬಿಟ್ಟರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ಅವಳಿಗೆ ಅನ್ನಿಸಿರಬೇಕು. ಭಾನುವಾರ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ ಸೊಗಡಿನ ಅವರೆಕಾಯಿ ತಂದಳು, ಚೀಲಕ್ಕೆ ತುಂಬಿದಳು, ವಿಮಲಾ ಮೇಡಂ ಮನೆಗೆ ನಡೀರಿ ಎಂದಳು. ಅವರೊಂದು ಮಾತು ಹೇಳಿದರೆ ಯಜಮಾನರು ತೆಗೆದುಹಾಕುವುದಿಲ್ಲ ಎಂಬುದು ಅವಳ ಲೆಕ್ಕ. ಅಪ್ಪ ಬೇಡ ಅನ್ನುತ್ತಾನೆಂದು ನಾನೆಣಿಸಿದ್ದೆ. ಅವನು ಎದ್ದು ಮುಖ ತೊಳೆದು, ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡ. ದಾರಿಯುದ್ದಕ್ಕೂ ಮಾತಾಡಿದ, ಎಷ್ಟೋ ದಿನಗಳ ಮೇಲೆ. ಮೇಡಂ ಮನೆಯ ಗೇಟಿನ ಪಕ್ಕ ನಂದಿಬಟ್ಟಲ ಗಿಡವಿದೆ, ಒಳಗೆ ತೂಗುಯ್ಯಾಲೆಯಿದೆ, ಅದರ ಸರಪಳಿ ಕಿರ್ರ್ ಅನ್ನುತ್ತದೆ ಎಂದೆಲ್ಲ ಹೇಳಿದ. ಒಮ್ಮೆಯೂ ಆ ಮನೆ ನೋಡಿದವನಲ್ಲ, ಎಲ್ಲ ಅವರೇ ಹೇಳಿದ್ದು.

ಗಿಡ ನಿಜವಾಗಿಯೂ ಇತ್ತು. ಬೆಲ್ಲು ಒತ್ತಿದಾಗ ಮೇಡಮ್ಮೇ ಬಂದರು.

"ಯಾರು ಬೇಕಿತ್ತು?"

"ನಾನು ಮೇಡಂ, ಕೆಂಪಣ್ಣ."

"ಯಾವ ಕೆಂಪಣ್ಣ?"

ಅಪ್ಪ ನಕ್ಕ. ಅವರು ತಮಾಷೆ ಮಾಡುತ್ತಿದ್ದಾರೆಂದು ತಿಳಿದ.

"ಹೆಸರು ಹಾಕೋ ಕೆಂಪಣ್ಣ ಮೇಡಂ."

"ಓ, ಅಂಗಡಿಯವ್ರು! ಇಲ್ಲಿ ನೋಡಿದ್ರೆ ಗುರ್ತೇ ಸಿಗ್ಲಿಲ್ಲ. ಬನ್ನಿ, ಕೂತ್ಕೊಳ್ಳಿ."

ಹೊರಗಿನ ಜಗಲಿಯಲ್ಲಿ ಕೂರಿಸಿದರು. ಕಾಫಿ ಬಂತು, ಅವರೆಕಾಯಿ ಒಳಗೆ ಹೋಯಿತು. ಕಿಟಕಿಯಿಂದ ತೂಗುಯ್ಯಾಲೆ ಕಾಣುತ್ತಿತ್ತು, ಅದರ ಮೇಲೆ ಇಸ್ತ್ರಿಗೆ ಹೋಗುವ ಬಟ್ಟೆಗಳ ಗಂಟು. ಅಪ್ಪ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಎಲ್ಲ ಹೇಳಿದ. ಅಟ್ಟದ ವಿಷಯ, ಯಾರೋ ಕಂಪ್ಲೇಂಟು ಮಾಡಿದ್ದು, ಚೊಂಬಿನ ತಪ್ಪು. ನೀವೊಂದು ಮಾತು ಹೇಳಿದರೆ ಎಂದು ನಿಲ್ಲಿಸಿದ. ಮೇಡಂ ಮುಖದಲ್ಲಿ ಒಂಚೂರೂ ಬದಲಾವಣೆಯಿಲ್ಲ, ಅದೇ ಸ್ವೀಟಿನ ಡಬ್ಬಿಯ ನಗು.

"ಅಯ್ಯೋ, ಅದಕ್ಯಾಕೆ ಬೇಜಾರ್ ಮಾಡ್ಕೊತೀರಾ ಕೆಂಪಣ್ಣ? ನಿಮ್ ಯಜಮಾನ್ರಿಗೆ ನಾನೇ ಹೇಳಿದ್ದು. ಅವತ್ತು ಅಂಗಡಿ ತುಂಬಾ ಜನ, ನೀವು ಮೈಸೂರಿನ ಗಂಡು ಏನಾಯ್ತು ಮೇಡಂ ಅಂತ ಜೋರಾಗಿ ಕೇಳಿದ್ರಿ. ಆ ಸಂಬಂಧ ಮುರಿದು ನಾಲ್ಕ್ ದಿನ ಆಗಿತ್ತು ಅಷ್ಟೇ. ಎಲ್ರೂ ತಿರುಗ್ ನೋಡಿದ್ರು. ನಮಗೂ ಮುಜುಗರ ಆಗುತ್ತಲ್ವಾ? ನಿಮಗೂ ಮೇಲೆ ನೆಮ್ಮದಿ, ಯಾರ್ ಕಾಟಾನೂ ಇಲ್ಲ. ನಿಮ್ ಒಳ್ಳೇದಕ್ಕೇ ಹೇಳಿದ್ದು."

ಅಪ್ಪ ಲೋಟ ಕೆಳಗಿಟ್ಟ.

"ಒಳ್ಳೇದಾಯ್ತು ಮೇಡಂ" ಎಂದ.

ಅಮ್ಮನಿಗೆ ತಡೆಯಲಾಗಲಿಲ್ಲ.

"ನಿಮ್ ಮನೆ ವಿಷಯ ಇವ್ರು ಕೆದಕಿ ಕೇಳಿದ್ದಲ್ಲ ಮೇಡಂ. ನೀವೇ ತಂದ್ ಸುರಿದಿದ್ದು. ನಿಮ್ ನಾದಿನಿ ಆಸ್ತಿ, ನಿಮ್ ಯಜಮಾನ್ರ ಸಕ್ಕರೆ, ಎಲ್ಲ ನಮ್ಮನೇಲಿ ಊಟದ್ ಹೊತ್ಗೆ ಕೂತ್ಕೊಂಡ್ ಅಳ್ತಿದ್ವಿ ನಾವು. ಮುಜುಗರ ಆಗಿದ್ರೆ ಅವ್ರಿಗೇ ಹೇಳ್ಬೇಕಿತ್ತು. ತಮ್ಮ ಅಂದ್ರಲ್ಲ, ತಮ್ಮಂಗೆ ಹಿಂಗ್ ಮಾಡ್ತಿದ್ರಾ?"

"ಗೌರಾ, ಸುಮ್ನಿರು" ಎಂದ ಅಪ್ಪ. ಮೇಡಂ ಎದ್ದು ನಿಂತರು. ಒಳಗೆ ಕುಕ್ಕರ್ ಇಟ್ಟಿದ್ದೀನಿ ಎಂದರು.

ಮನೆಗೆ ಬರುವಾಗ ಅಪ್ಪ ಒಂದೇ ಮಾತು ಆಡಿದ್ದು, ಅವರದ್ದೇನೂ ತಪ್ಪಿಲ್ಲ, ಅಷ್ಟು ಜನರ ಮುಂದೆ ನಾನು ಕೇಳಬಾರದಿತ್ತು. ಆ ಮಾತಿಗೆ ನನಗೆ ಮೇಡಂ ಮೇಲಿನದಕ್ಕಿಂತ ಹೆಚ್ಚಿನ ಸಿಟ್ಟು ಅಪ್ಪನ ಮೇಲೆಯೇ ಬಂತು. ಈಗಲೂ ಇಳಿದಿಲ್ಲ. ಅವರು ಹೇಳಿಕೊಳ್ಳುವಾಗ ಮನೆಯವನು, ಅವನು ವಾಪಸು ಕೇಳಿದರೆ ಗದ್ದಲ! ನಾನೀಗ ಜೆ.ಪಿ. ನಗರದ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕುತ್ತೇನೆ, ಬಹಳ ವರ್ಷಗಳಾದವು. ಗಿರಾಕಿಯ ಮುಖ ನೋಡಿ ನಗಬೇಕು, ಹೆಸರು ಹಿಡಿದು ಮಾತಾಡಿಸಬೇಕು, ಆಗ ಕೆಲಸದಲ್ಲಿ ಉತ್ಸಾಹವೂ ಬರುತ್ತದೆ, ವ್ಯಾಪಾರವೂ ಆಗುತ್ತದೆ ಎಂದು ಟ್ರೈನಿಂಗಿಗೆ ಬಂದ ಹುಡುಗಿ ಪರದೆಯ ಮೇಲೆ ತೋರಿಸಿ ಪಾಠ ಹೇಳುತ್ತಾಳೆ. ಅವಳು ಹೇಳುವುದು ಸುಳ್ಳಲ್ಲ. ಅಪ್ಪ ಆ ಉತ್ಸಾಹದಲ್ಲೇ ಬದುಕಿದ್ದ. ಅದನ್ನು ಕೊಟ್ಟವರೇ ಒಂದು ಮಾತಿನಲ್ಲಿ ಕಿತ್ತುಕೊಳ್ಳಬಹುದು ಎನ್ನುವ ಪಾಠ ಅವಳ ಪರದೆಯ ಮೇಲೆ ಇಲ್ಲ. ನಾನು ನಗುತ್ತೇನೆ, ಹೆಸರು ಕೇಳುವುದಿಲ್ಲ. ಯಾರಾದರೂ ಮನೆಯ ಕಷ್ಟ ತೆಗೆದರೆ ಕವರ್ ಬೇಕಾ ಮೇಡಂ ಅನ್ನುತ್ತೇನೆ.

ಆ ವರ್ಷದ ಬೇಸಿಗೆ ರಜೆಯಲ್ಲಿ ಅಪ್ಪನಿಗೆ ಊಟದ ಡಬ್ಬಿ ಒಯ್ಯುವುದು ನನ್ನ ಕೆಲಸವಾಗಿತ್ತು. ಒಂದು ಮಧ್ಯಾಹ್ನ ಹೋದಾಗ ಅಪ್ಪನ ಸ್ಟೂಲು ಬಾಗಿಲ ಪಕ್ಕದಲ್ಲಿತ್ತು, ಅಪ್ಪ ಅದರ ಮೇಲಿದ್ದ! ಸುತ್ತ ವಿಮಲಾ ಮೇಡಂ, ಅನು, ಪಾತ್ರೆಗಳ ಗುಡ್ಡೆ. ಅನುವಿಗೆ ಮದುವೆ ಗೊತ್ತಾಗಿತ್ತು. ಮಗಳ ಮದುವೆಯ ಪಾತ್ರೆಗೆ ಕೆಂಪಣ್ಣನ ಕೈಯಲ್ಲೇ, ಕಣ್ಣೆದುರಿಗೇ ಹೆಸರು ಹಾಕಿಸಬೇಕು, ಅಟ್ಟದಿಂದ ಏನಾದರೂ ಎಡವಟ್ಟಾಗಿ ಬಂದರೆ ಅಪಶಕುನ ಎಂದು ಮೇಡಮ್ಮೇ ಹೇಳಿ ಕೆಳಗಿಳಿಸಿದ್ದರು. ಚೊಂಬಿನ ಕಥೆಯನ್ನು ನಮ್ಮಿಂದಲೇ ಕೇಳಿದ್ದರಲ್ಲ. ಯಜಮಾನರೂ ಗಲ್ಲಾದ ಹಿಂದಿನಿಂದ ಬಂದು ಅಪ್ಪನ ಬೆನ್ನು ತಟ್ಟಿದರು.

"ಇನ್ಮೇಲೆ ಇಲ್ಲೇ ಕೂತ್ಕೊಳಪ್ಪ. ನಿನ್ನ ಅಟ್ಟಕ್ಕೆ ಹಾಕಿದ್ಮೇಲೆ ಕೆಲಸ ಕೆಟ್ಟೋಯ್ತು. ಮೇಡಮ್ಮೇ ಹೇಳ್ತಿದಾರೆ."

ನಾನು ಅಪ್ಪನ ಮುಖ ನೋಡಿದೆ. ಅವನು ತಲೆ ಎತ್ತಲಿಲ್ಲ. ಒಂದೊಂದೇ ಪಾತ್ರೆ ತೊಡೆಗೆ ಒರಗಿಸಿ, ಹೆಸರು ಬರೆದು, ಒರೆಸಿ, ಪಕ್ಕಕ್ಕಿಟ್ಟ. ಬಳ್ಳಿಯನ್ನೂ ಎಳೆದ, ಶುಭವಿವಾಹವನ್ನೂ ಬರೆದ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಅನು ಅವನೆದುರು ಮೊಣಕಾಲೂರಿ ಕೂತಳು, ಚಿಕ್ಕವಳಂತೆ.

"ಕೆಂಪಣ್ಣ ಅಂಕಲ್, ನನ್ ಮದುವೆ! ಹುಡುಗ ಯಾರು, ಯಾವೂರು, ಏನೂ ಕೇಳಲ್ವಾ?"

"ಹೆಸರು ಗೊತ್ತಾಯ್ತಲ್ಲ ಮೇಡಂ" ಎಂದ ಅಪ್ಪ. "ಅಷ್ಟ್ ಸಾಕು."

ಪುಟ್ಟಿಯನ್ನು ಅವನು ಮೇಡಂ ಎಂದದ್ದು ಅದೇ ಮೊದಲು. ಅವಳ ಮುಖ ಸಣ್ಣದಾಯಿತು. ಅವಳಿಗೆ ಏನೂ ಗೊತ್ತಿರಲಿಲ್ಲ ಎನ್ನುವುದು ಆ ಮುಖದಲ್ಲೇ ಕಾಣುತ್ತಿತ್ತು. ನನಗೆ ಮಾತ್ರ, ಹೇಳಿಬಿಡುತ್ತೇನೆ, ಹೊಟ್ಟೆ ತಣ್ಣಗಾಯಿತು. ಅಪ್ಪ ಕಡೆಯ ಪಾತ್ರೆ ಒರೆಸಿಟ್ಟು, ಮೆಷಿನ್ನಿನ ವೈರು ಸುತ್ತಿ, ಸ್ಟೂಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದ.

"ಎಲ್ಲಿಗೋ?" ಎಂದರು ಯಜಮಾನರು.

"ಮೇಲೇ ಇರ್ತೀನಿ ಸಾರ್. ಯಾರಿಗೂ ತೊಂದ್ರೆ ಇರಲ್ಲ."

ಅವನು ಏಣಿ ಹತ್ತತೊಡಗಿದ. ನಾನು ಡಬ್ಬಿ ಹಿಡಿದು ಹಿಂದೆ ಹೊರಟೆ. ಅನು ನನ್ನ ಕೈ ಹಿಡಿದಳು.

"ನಿಮ್ಮಪ್ಪಂಗೆ ನನ್ ಮೇಲೆ ಕೋಪಾನಾ?"

"ನಿಮ್ಮಮ್ಮನ್ನ ಕೇಳಿ" ಎಂದೆ.

ಅವಳು ನಿಜವಾಗಿಯೂ ಹೋಗಿ ಕೇಳಿದಳು. ಮೇಡಂ ಬಳ್ಳಿ ಎಳೆದ ಒಂದು ತಟ್ಟೆಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತ, ಚೆನ್ನಾಗಿ ಬಂದಿದೆ ಎಂದು ಮೆಚ್ಚಿಕೊಳ್ಳುತ್ತಿದ್ದರು. ತಟ್ಟೆಯಿಂದ ಕಣ್ಣು ತೆಗೆಯದೆಯೇ ಹೇಳಿದರು:

"ಏನಿಲ್ಲ ಕಣೆ, ಆ ಮನುಷ್ಯ ಮೊದಲಿಂದಾನೂ ಸ್ವಲ್ಪ ಹಂಗೇ. ಬೇಗ ಬಾ, ಇನ್ನೂ ಟೈಲರ್ ಹತ್ರ ಹೋಗ್ಬೇಕು."

ಅಪ್ಪ ಏಣಿಯ ನಡುವಿನಲ್ಲಿದ್ದ. ಅವನಿಗೂ ಕೇಳಿಸಿತು.